ಎರಡೂವರೆ ಮಿಲಿಮೀಟರಿನ ಇರುವೆಗೆ ಹೆಸರು ಹುಡುಕಿದ ಬಗೆ

ನಾನು ಆ ಇರುವೆಯನ್ನು ಮೊದಲ ಬಾರಿಗೆ ನೋಡಿದಾಗ ಅದು ಸತ್ತು ಮೂರು ವಾರ ಕಳೆದಿತ್ತು. ಆಗುಂಬೆಯ ಸುತ್ತಲಿನ ಮಳೆಕಾಡಿನಿಂದ ತಂದಿದ್ದ ಮಾದರಿಗಳನ್ನು ಬೆಂಗಳೂರಿನ ಪ್ರಯೋಗಾಲಯದಲ್ಲಿ ಒಂದೊಂದಾಗಿ ಬಿಡಿಸುತ್ತ, ಗಾಜಿನ ತಟ್ಟೆಯ ಮದ್ಯಸಾರದಲ್ಲಿ ತೇಲುವ ನುಸಿ, ಜೇಡದ ಮರಿ, ಜೀರುಂಡೆಯ ರೆಕ್ಕೆಚೂರುಗಳ ನಡುವಿನಿಂದ ಇರುವೆಗಳನ್ನು ಮಾತ್ರ ಕುಂಚದ ತುದಿಯಿಂದ ಪಕ್ಕಕ್ಕೆ ಸರಿಸುತ್ತಿದ್ದೆ. ಹದಿನಾಲ್ಕನೆಯ ಮಾದರಿಯಲ್ಲಿ, ಮಣ್ಣಿನ ಕಣವೆಂದು ತಳ್ಳಿಬಿಡಬಹುದಾಗಿದ್ದ ಒಂದು ಕಂದು ಚುಕ್ಕೆಗೆ ಕಾಲುಗಳಿದ್ದವು. ಸೂಕ್ಷ್ಮದರ್ಶಕದ ಕೆಳಗೆ ಹಿಡಿದಾಗ ಹೃದಯದಾಕಾರದ ತಲೆ, ಅದರ ಮುಂದಕ್ಕೆ ಇಕ್ಕಳದಂತೆ ಚಾಚಿದ ಎರಡು ಸಪೂರ ದವಡೆಗಳು, ಸೊಂಟದ ಸುತ್ತ ನೊರೆ ಮೆತ್ತಿದಂತೆ ಕಾಣುವ ಬಿಳಿಯ ಸ್ಪಂಜು ಕಂಡವು. ಒಟ್ಟು ಉದ್ದ ಎರಡೂವರೆ ಮಿಲಿಮೀಟರಿಗಿಂತ ಕಡಿಮೆ. ಅಂಥವು ಮೂರು ಸಿಕ್ಕಿದ್ದವು.

ಅವು ಸಿಕ್ಕಿದ ಬಗೆಯನ್ನೂ ಹೇಳಬೇಕು, ಏಕೆಂದರೆ ಈ ಗುಂಪಿನ ಇರುವೆಗಳನ್ನು ಕಾಡಿನಲ್ಲಿ ನಡೆದಾಡುತ್ತ ಕಣ್ಣಿನಿಂದ ಹುಡುಕುವುದು ಬಹುಮಟ್ಟಿಗೆ ವ್ಯರ್ಥ. ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ಊರಿನಲ್ಲಿ ಮಳೆಗಾಲದ ತರಗೆಲೆಯನ್ನು ಜರಡಿ ಹಿಡಿಯಲಾಗುವುದಿಲ್ಲ, ಅದು ಮುದ್ದೆಯಾಗಿರುತ್ತದೆ. ಹೀಗಾಗಿ ಅರಣ್ಯ ಇಲಾಖೆಯ ಅನುಮತಿ ಪಡೆದು ನವೆಂಬರ್ ಕೊನೆಯಲ್ಲಿ, ಇಂಬಳಗಳ ಕಾಟ ಸ್ವಲ್ಪ ತಗ್ಗಿದ ಮೇಲೆ ಹೋಗಿದ್ದೆವು. ಹತ್ತು ಹತ್ತು ಮೀಟರಿಗೆ ಒಂದರಂತೆ ಒಂದು ಚದರ ಮೀಟರಿನ 20 ಚೌಕಗಳನ್ನು ಗುರುತು ಮಾಡಿ, ಪ್ರತಿ ಚೌಕದ ತರಗೆಲೆ, ಕೊಳೆತ ಕಡ್ಡಿ, ಮೇಲುಮಣ್ಣನ್ನೆಲ್ಲ ಬಾಚಿ ಜರಡಿ ಹಿಡಿದು, ಕೆಳಗಿಳಿದ ಪುಡಿಯನ್ನು ವಿಂಕ್ಲರ್ ಚೀಲಗಳಲ್ಲಿ ತೂಗುಹಾಕಿದೆವು. ಬಟ್ಟೆಯ ಆ ಚೀಲದೊಳಗೆ ಬಲೆಯ ಇನ್ನೊಂದು ಚೀಲವಿರುತ್ತದೆ. ಪುಡಿ ನಿಧಾನವಾಗಿ ಒಣಗುತ್ತ ಬಂದಂತೆ ತೇವ ಅರಸಿ ಹೊರಬೀಳುವ ಜೀವಿಗಳು ಕೆಳಗಿನ ಮದ್ಯಸಾರದ ಲೋಟಕ್ಕೆ ಜಾರುತ್ತವೆ. 48 ಗಂಟೆ ಹಾಗೆಯೇ ಬಿಡಬೇಕು. ನಾವು ತಂಗಿದ್ದ ಮನೆಯ ಜಗಲಿಯಲ್ಲಿ ಸಾಲಾಗಿ ತೂಗಿದ ಇಪ್ಪತ್ತು ಚೀಲಗಳನ್ನು ಕಂಡು, ಮನೆಯ ಅಜ್ಜಿ ಮೊಸರು ಕಟ್ಟಿಹಾಕಿದ್ದೀರಾ ಎಂದು ಕೇಳಿದರು.

ಲೋಟದಲ್ಲಿರುವುದು ಇರುವೆ ಎಂದು ಹೇಳಿದಾಗ ಅವರ ಎರಡನೆಯ ಪ್ರಶ್ನೆ, ಯಾವ ಇರುವೆ ಎಂಬುದಾಗಿತ್ತು. ಕನ್ನಡದಲ್ಲಿ ಕಟ್ಟಿರುವೆ ಇದೆ, ಗೊದ್ದ ಇದೆ, ಮಲೆನಾಡಿನವರು ಚಟ್ನಿ ಮಾಡಿ ತಿನ್ನುವ ಚಗಳಿ ಇದೆ, ಬರಿಯ ಬಣ್ಣದಿಂದಲೇ ಕರೆಯುವ ಕೆಂಪಿರುವೆ, ಕಪ್ಪಿರುವೆಗಳಿವೆ. ಕಚ್ಚುವವು, ಸಕ್ಕರೆ ಡಬ್ಬಕ್ಕೆ ನುಗ್ಗುವವು, ತಿನ್ನಲು ಬರುವವು, ಹೀಗೆ ನಮ್ಮ ಬದುಕಿಗೆ ಎಲ್ಲಿಯಾದರೂ ತಾಗಿದವುಗಳಿಗೆಲ್ಲ ಹೆಸರಿದೆ. ತರಗೆಲೆಯ ಅಡಿಯಲ್ಲಿ ಹುಟ್ಟಿ ಅಲ್ಲಿಯೇ ಸಾಯುವ ಈ ಪುಟ್ಟ ಬೇಟೆಗಾರ ಯಾರಿಗೂ ತಾಗಿದ್ದಿಲ್ಲವಾದ್ದರಿಂದ ಅದಕ್ಕೆ ಊರಿನ ಹೆಸರೂ ಇರಲಿಲ್ಲ. ನಾನು ಅಜ್ಜಿಗೆ, ಗೊತ್ತಾದ ಮೇಲೆ ಹೇಳುತ್ತೇನೆ ಎಂದು ಮಾತು ಕೊಟ್ಟೆ.

ಕುಲದವರೆಗಿನ ದಾರಿ ಸುಲಭವಾಗಿತ್ತು. ಇರುವೆಗಳೆಲ್ಲ ಫಾರ್ಮಿಸಿಡೆ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಎದೆಗೂ ಹೊಟ್ಟೆಗೂ ನಡುವಿನ ಸೊಂಟದಲ್ಲಿ ಗಂಟು ಒಂದಿದೆಯೋ ಎರಡಿದೆಯೋ ಎಂದು ನೋಡಿದರೆ ಉಪಕುಟುಂಬಗಳ ಪಟ್ಟಿಯಲ್ಲಿ ಹೆಚ್ಚಿನ ಪಾಲು ಅಲ್ಲಿಗೇ ಕಳಚಿಕೊಳ್ಳುತ್ತದೆ. ನನ್ನದಕ್ಕೆ ಎರಡು ಗಂಟುಗಳಿದ್ದವು. ಉಳಿದ ಲಕ್ಷಣಗಳೂ ಸೇರಿ ಅದನ್ನು ಮಿರ್ಮಿಸಿನೆ ಉಪಕುಟುಂಬದಲ್ಲಿ ನಿಲ್ಲಿಸಿದವು. ಹೃದಯದಾಕಾರದ ತಲೆ, ಕುಡಿಮೀಸೆಯನ್ನು ಮಡಚಿಡಲು ಕೆನ್ನೆಯಲ್ಲಿ ಕೊರೆದ ತೋಡು, ಆ ತೋಡಿನ ಕೆಳಗೆ ಅಡಗಿದ ಕಣ್ಣು, ಸೊಂಟದ ಸ್ಪಂಜು, ಇವೆಲ್ಲ ಒಟ್ಟಾಗಿ ಕಂಡರೆ ಸ್ಟ್ರುಮಿಜೆನಿಸ್ ಎಂಬ ಕುಲವನ್ನು ಬಿಟ್ಟು ಬೇರೆ ಯೋಚಿಸಬೇಕಾಗಿಲ್ಲ. ಅರ್ಧ ಗಂಟೆಯ ಕೆಲಸ. ಆದರೆ ಈ ಕುಲದಲ್ಲಿ 850ಕ್ಕೂ ಹೆಚ್ಚು ಪ್ರಭೇದಗಳಿವೆ, ಮತ್ತು ಇರುವೆ ಲೋಕದ ಅತಿ ದೊಡ್ಡ ಕುಲಗಳಲ್ಲಿ ಇದೂ ಒಂದು. ಅರ್ಧ ಗಂಟೆಯಲ್ಲಿ ಕುಲ ತಿಳಿದ ಹುಮ್ಮಸ್ಸಿನಲ್ಲಿ ಪ್ರಭೇದಕ್ಕೆ ಒಂದು ವಾರ ಸಾಕೆಂದು ದಿನಚರಿಯಲ್ಲಿ ಬರೆದಿಟ್ಟೆ. ಆ ಪುಟವನ್ನು ಈಗಲೂ ಆಗಾಗ ತೆರೆದು ನೋಡುತ್ತೇನೆ.

ಕುಲದ ಗಡಿ ಕೂಡ ಈಚಿನವರೆಗೆ ಅಲುಗಾಡುತ್ತಲೇ ಇತ್ತೆಂಬುದು ಆಮೇಲೆ ತಿಳಿಯಿತು. ಫ್ರೆಡರಿಕ್ ಸ್ಮಿತ್ 1860ರಲ್ಲಿ ಸ್ಟ್ರುಮಿಜೆನಿಸ್ ಕುಲವನ್ನು ಸ್ಥಾಪಿಸಿದರು. ಎರಡು ವರ್ಷಗಳ ನಂತರ ರೋಗರ್ ಎಂಬವರು ಪಿರಮಿಕ ಎಂಬ ಇನ್ನೊಂದು ಕುಲವನ್ನು ಹೆಸರಿಸಿದರು. 1999ರಲ್ಲಿ ಬ್ಯಾರಿ ಬೋಲ್ಟನ್ ಅವರು ದವಡೆ ಕೆಲಸ ಮಾಡುವ ರೀತಿಯನ್ನೇ ಆಧಾರವಾಗಿಸಿ, ಬೋನಿನಂತೆ ತಟ್ಟನೆ ಮುಚ್ಚುವ ಉದ್ದ ದವಡೆಯವನ್ನು ಸ್ಟ್ರುಮಿಜೆನಿಸ್‌ನಲ್ಲಿಯೂ, ಕಚ್ಚಿ ಹಿಡಿದು ಒತ್ತುವ ಗಿಡ್ಡ ದವಡೆಯವನ್ನು ಪಿರಮಿಕದಲ್ಲಿಯೂ ಇರಿಸಿದರು. 2007ರಲ್ಲಿ ಬರೋನಿ ಉರ್ಬಾನಿ ಮತ್ತು ದೆ ಆಂಡ್ರಾದೆ ಇಬ್ಬರೂ ಸೇರಿ ಎರಡನ್ನೂ ಮತ್ತೆ ಒಂದು ಮಾಡಿದರು. ಬೋನಿನ ದವಡೆ ಈ ಕುಲದೊಳಗೆ ಬೇರೆ ಬೇರೆ ಶಾಖೆಗಳಲ್ಲಿ ಹಲವು ಸಲ ಸ್ವತಂತ್ರವಾಗಿ ವಿಕಾಸಗೊಂಡಿದೆಯೆಂದು 2021ರ ಒಂದು ವಂಶವೃಕ್ಷ ಅಧ್ಯಯನ ತೋರಿಸಿದ ಮೇಲೆ, ದವಡೆಯೊಂದನ್ನೇ ನಂಬಿ ಕುಲ ಒಡೆಯುವ ವಾದಕ್ಕೆ ನೆಲೆಯಿಲ್ಲದಂತಾಯಿತು. ನನಗೆ ಇದರಿಂದ ಆದ ತೊಂದರೆಯೆಂದರೆ, ಒಂದೇ ಇರುವೆ ಹಳೆಯ ಬರಹಗಳಲ್ಲಿ ಎರಡು ಮೂರು ಕುಲನಾಮಗಳ ಕೆಳಗೆ ಚದುರಿಹೋಗಿರುವುದು.

ಮೊದಲು ಮಾದರಿಯನ್ನು ನೋಡಿದ ಹಿರಿಯ ಸಹೋದ್ಯೋಗಿಯೊಬ್ಬರು, ಇದು ಎಮ್ಮೆ ಇರಬೇಕು, ಎಲ್ಲ ಕಡೆ ಸಿಗುತ್ತದೆ ಎಂದರು. ನಗಬೇಡಿ, ಸ್ಟ್ರುಮಿಜೆನಿಸ್ ಎಮ್ಮೆ ಎಂಬುದು ನಿಜವಾದ ಹೆಸರು, ಮನುಷ್ಯರ ಸರಕಿನ ಜೊತೆಗೆ ಉಷ್ಣವಲಯದ ಉದ್ದಗಲಕ್ಕೂ ಹರಡಿರುವ ಪ್ರಭೇದ. ಅದರ ಕುಡಿಮೀಸೆಯಲ್ಲಿ ಇರುವುದು ನಾಲ್ಕೇ ತುಂಡುಗಳು. ಆ ಕಾರಣಕ್ಕಾಗಿಯೇ ಒಂದು ಕಾಲದಲ್ಲಿ ಅದನ್ನು ಕ್ವಾಡ್ರಿಸ್ಟ್ರುಮ ಎಂಬ ಬೇರೆ ಕುಲದಲ್ಲಿ ಇಟ್ಟಿದ್ದರು. ನನ್ನ ಇರುವೆಯ ಕುಡಿಮೀಸೆಯನ್ನು ತೋಡಿನಿಂದ ಹೊರಗೆಳೆದು, ಬೆಳಕನ್ನು ಓರೆಯಾಗಿಸಿ ಎಣಿಸಿದೆ. ಆರು ತುಂಡುಗಳು. ನಡುವಿನ ಎರಡು ಎಷ್ಟು ಸಣ್ಣವೆಂದರೆ, ಅವೆರಡೂ ಒಂದೇ ಎಂದು ಕಂಡು ಮೊದಲ ಎಣಿಕೆಯಲ್ಲಿ ಐದೆಂದು ಬರೆದಿದ್ದೆ. ಐದೋ ಆರೋ, ನಾಲ್ಕಂತೂ ಆಗಿರಲಿಲ್ಲ. ಹೀಗೆ ಎಮ್ಮೆ ಕೈಬಿಟ್ಟಿತು.

ಅಲ್ಲಿಂದ ಮುಂದೆ ಗುರುತಿನ ಕೀಲಿಯ ಕೆಲಸ. ಕೀಲಿಯೆಂದರೆ ಎರಡೆರಡು ಹೇಳಿಕೆಗಳ ಸರಣಿ. ಹಲ್ಲು ಹೀಗಿದ್ದರೆ ಈ ಸಂಖ್ಯೆಗೆ ಹೋಗು, ಹಾಗಿದ್ದರೆ ಆ ಸಂಖ್ಯೆಗೆ ಹೋಗು ಎನ್ನುತ್ತ ಅದು ಕೊನೆಗೆ ಒಂದು ಹೆಸರಿಗೆ ತಂದು ನಿಲ್ಲಿಸುತ್ತದೆ. ಭಾರತದ ಇರುವೆಗಳಿಗೆ ಸಂಬಂಧಿಸಿದ ಬಿಂಗಮ್ ಅವರ 1903ರ ಸಂಪುಟ ಇಂದಿಗೂ ಮೇಜಿನ ಮೇಲಿರಬೇಕಾದ ಪುಸ್ತಕವೇ ಆದರೂ ಈ ಕುಲಕ್ಕೆ ಅದು ಸಾಲುವುದಿಲ್ಲ, ಬೋಲ್ಟನ್ 2000ದಲ್ಲಿ ಪ್ರಕಟಿಸಿದ ಬೃಹತ್ ಪರಿಷ್ಕರಣೆಯ ಮೊರೆಹೋಗಲೇಬೇಕು. ಅದರ ಕೀಲಿಗಳು ಬಹುಪಾಲು ನಡೆಯುವುದು ದವಡೆಯ ಹಲ್ಲುಗಳ ಮೇಲೆ ಮತ್ತು ಕೂದಲುಗಳ ಮೇಲೆ. ದವಡೆಯ ತುದಿ ಕವಲೊಡೆದು ಎರಡು ಉದ್ದ ಹಲ್ಲುಗಳಾಗಿರುತ್ತದೆ. ಅವುಗಳ ಸಂದಿಯಲ್ಲಿ ಮರಿಹಲ್ಲು ಇದೆಯೇ, ಕವಲಿಗಿಂತ ಹಿಂದೆ ಒಳಅಂಚಿನಲ್ಲಿ ಹಲ್ಲು ಎಷ್ಟು, ಅದು ತುದಿಗೆ ಹತ್ತಿರವೋ ನಡುವಿಗೋ, ಎಲ್ಲವನ್ನೂ ಹೇಳಬೇಕು. ಕೂದಲಿನ ವಿಷಯದಲ್ಲಿಯೂ ಅಷ್ಟೇ: ಕೆನ್ನೆಯ ತೋಡಿನ ಅಂಚಿನಲ್ಲಿ ಹೊರಚಾಚಿದ ಒಂಟಿ ಕೂದಲಿದೆಯೇ, ಭುಜದ ಮೂಲೆಯಲ್ಲಿ ಇದೆಯೇ, ಇದ್ದರೆ ಅದು ಚಾಟಿಯಂತೆ ಉದ್ದಕ್ಕೆ ಬಳುಕಿದೆಯೋ, ಸೆಟೆದು ನಿಂತಿದೆಯೋ, ಚಮಚದಂತೆ ತುದಿ ಅಗಲವಾಗಿದೆಯೋ.

ಹಲ್ಲುಗಳು ನನ್ನನ್ನು ಗೊಡೆಫ್ರಾಯಿ ಎಂಬ ಪ್ರಭೇದದ ಹೆಸರಿನ ಗುಂಪಿನ ಆಸುಪಾಸಿಗೆ ತಂದವು. ಭುಜದ ಕೂದಲಿನ ಪ್ರಶ್ನೆ ಬಂದಾಗ ನೋಡಿದೆ: ಕೂದಲಿಲ್ಲ. ಇಲ್ಲ ಎಂಬ ಕವಲನ್ನು ಹಿಡಿದು ಮುಂದೆ ಸಾಗಿ, ಇನ್ನೂ ಮೂರು ಹೆಜ್ಜೆಯಲ್ಲಿ ಒಂದು ಹೆಸರಿಗೆ ತಲುಪಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಪ್ರಭೇದ ಪಶ್ಚಿಮ ಘಟ್ಟದಲ್ಲಿದೆಯೆಂದು ತಪ್ಪಾಗಿ ಒಮ್ಮೆ ಅಚ್ಚಾದರೆ, ಅದನ್ನು ನಂಬಿ ಇನ್ನೊಬ್ಬರು, ಅವರನ್ನು ನಂಬಿ ಮತ್ತೊಬ್ಬರು ಪಟ್ಟಿಗೆ ಸೇರಿಸುತ್ತ ಹೋಗುವುದನ್ನು ಸಾಕಷ್ಟು ನೋಡಿದ್ದೇನೆ. ನಾನೂ ಆ ಹೆಸರನ್ನು ಗಟ್ಟಿಯಾಗಿ ನಂಬಿದೆ. ಸಣ್ಣ ಬಿಳಿ ಚೀಟಿಯ ಮೇಲೆ ಅಳಿಸಲಾಗದ ಶಾಯಿಯಲ್ಲಿ ಬರೆದು ಮಾದರಿಯ ಸೂಜಿಗೆ ಚುಚ್ಚಿದೆ, ಮೂರು ವಾರ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ತಪ್ಪು ಹೊರಬಿದ್ದದ್ದು ನನ್ನ ಮಾರ್ಗದರ್ಶಕರು ಕೇಳಿದ ಒಂದು ಸಣ್ಣ ಪ್ರಶ್ನೆಯಿಂದ. ಕೂದಲು ಇಲ್ಲವೋ ಅಥವಾ ಉದುರಿದೆಯೋ ಎಂದರು. ಎರಡಕ್ಕೂ ವ್ಯತ್ಯಾಸವಿದೆಯೆಂಬುದೇ ನನಗೆ ಹೊಳೆದಿರಲಿಲ್ಲ. ಕೂದಲು ಹುಟ್ಟುವ ಜಾಗದಲ್ಲಿ ಒಂದು ಗುಳಿ ಇರುತ್ತದೆ. ಕೂದಲು ಮುರಿದರೂ ಕಿತ್ತರೂ ಗುಳಿ ಉಳಿಯುತ್ತದೆ. ಮಾದರಿಯನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗಿಟ್ಟು, ಬೆಳಕನ್ನು ಒಂದು ಬದಿಯಿಂದ ಮಾತ್ರ ಬರುವಂತೆ ತಗ್ಗಿಸಿ, ಭುಜದ ಮೂಲೆ ಬೆಳಕಿಗೆ ಅಡ್ಡ ಬರುವಂತೆ ಸೂಜಿಯನ್ನು ಕೂದಲೆಳೆಯಷ್ಟೇ ತಿರುಗಿಸುತ್ತ ಹೋದೆ. ಎಡಭುಜದ ಮೇಲೆ ಒಣಗಿದ ಅಂಟಿನ ತೆಳುಪೊರೆಯೊಂದು ಮಿನುಗಿತು. ಇಷ್ಟು ಸಣ್ಣ ಇರುವೆಗಳನ್ನು ನೇರವಾಗಿ ಸೂಜಿಗೆ ಚುಚ್ಚಲಾಗದು, ತ್ರಿಕೋನಾಕಾರದ ದಪ್ಪ ಕಾಗದದ ತುದಿಗೆ ಅಂಟಿನ ಒಂದು ತೊಟ್ಟು ಇಟ್ಟು, ಕಾಲುಗಳ ಬುಡ ಮಾತ್ರ ತಾಗುವಂತೆ ಕೂರಿಸಬೇಕು. ನನ್ನ ತೊಟ್ಟು ದೊಡ್ಡದಾಗಿತ್ತು, ಅಂಟು ಪಕ್ಕದಿಂದ ಮೇಲೇರಿ ಭುಜಕ್ಕೆ ಹತ್ತಿತ್ತು. ಬಲಭುಜದಲ್ಲಿ ಅಂಟಿರಲಿಲ್ಲ, ಕೂದಲೂ ಇರಲಿಲ್ಲ, ಆದರೆ ಸೂಜಿಮೊನೆಯಿಂದ ಮುಟ್ಟಿಬಿಟ್ಟಂತಹ ಒಂದು ಕಪ್ಪು ಗುಳಿ ಇತ್ತು. ಜರಡಿಯಲ್ಲಿಯೋ, ಕುಂಚದ ಕೆಳಗೋ, ಎಲ್ಲಿಯೋ ಒಂದು ಕಡೆ ಆ ಕೂದಲು ಉದುರಿಹೋಗಿತ್ತು. ಸೀಸೆಯಲ್ಲಿ ಉಳಿದಿದ್ದ ಎರಡು ಮಾದರಿಗಳಲ್ಲಿ ಒಂದರ ಬಲಭುಜದ ಮೇಲೆ ಉದ್ದವಾದ, ತುದಿಯಲ್ಲಿ ಬಳುಕಿದ, ಜೇಡನ ಎಳೆಯಂಥ ಕೂದಲು ಇನ್ನೂ ಇತ್ತು.

ಕೀಲಿಯನ್ನು ಮೊದಲಿನಿಂದ ಮತ್ತೆ ಶುರುಮಾಡಿದೆ. ಈ ಬಾರಿ ಅದು ತಲುಪಿಸಿದ ಹೆಸರೂ ಬೇರೆ, ಅದರ ತವರೂ ಬೇರೆ, ಆದರೆ ವಿವರಣೆಯನ್ನು ಓದಿದಾಗ ಒಂದು ಸಂಗತಿ ಕೂಡಿಬರಲಿಲ್ಲ. ಕಣ್ಣಳತೆಗೆ ದವಡೆ ಗಿಡ್ಡವಾಗಿತ್ತು. ಕಣ್ಣಳತೆಯ ಮಾತಿಗೆ ಇಲ್ಲಿ ಬೆಲೆಯಿಲ್ಲ, ಅಳೆಯಬೇಕು. ತಲೆಯ ಉದ್ದ 0.64 ಮಿಲಿಮೀಟರ್, ಅಗಲ 0.48, ತಲೆಯನ್ನು ನೇರ ಮುಂದಿನಿಂದ ನೋಡಿದಾಗ ಹೊರಗೆ ಕಾಣುವ ದವಡೆಯ ಉದ್ದ 0.32. ದವಡೆಯ ಉದ್ದವನ್ನು ತಲೆಯ ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ದವಡೆ ಸೂಚ್ಯಂಕ ಸಿಗುತ್ತದೆ, ನನ್ನದು 50. ತಲೆ ಸ್ವಲ್ಪ ಓರೆಯಾದರೂ ಉದ್ದ ಕಡಿಮೆಯಾಗಿ ಕಂಡು ಸೂಚ್ಯಂಕ ಏರುಪೇರಾಗುತ್ತದೆ. ಆದ್ದರಿಂದ ಪ್ರತಿ ಅಳತೆಯನ್ನೂ ಮಾದರಿಯನ್ನು ಕದಲಿಸಿ, ಹೊಸದಾಗಿ ಕೂರಿಸಿ, ಮೂರು ಸಲ ತೆಗೆದುಕೊಂಡೆ. ಮೂರು ಇರುವೆಗಳೂ ಪ್ರಕಟಿತ ಅಳತೆಯ ಮಿತಿಗಿಂತ ಕೆಳಗೆ ನಿಂತವು. ಒಂದು ಕಾಲನ್ನು ಡಿಎನ್‌ಎ ಪರೀಕ್ಷೆಗೂ ಕಳುಹಿಸಿದ್ದೆ. ಸುಮಾರು 650 ಅಕ್ಷರಗಳ ಆ ಬಾರ್‌ಕೋಡ್ ಕುಲವನ್ನು ದೃಢಪಡಿಸಿತು, ಅದಕ್ಕಿಂತ ಮುಂದೆ ಏನನ್ನೂ ಹೇಳಲಿಲ್ಲ.

ಇನ್ನು ಉಳಿದಿದ್ದು ಮೂಲ ಮಾದರಿಯೊಡನೆ ಹೋಲಿಕೆ. ಹೊರಗಿನವರಿಗೆ ವಿಚಿತ್ರವೆನಿಸಬಹುದು, ಆದರೆ ಒಂದು ಪ್ರಭೇದದ ಹೆಸರು ಕೊನೆಗೂ ಕಟ್ಟಿಹಾಕಿರುವುದು ಪುಸ್ತಕದ ವಿವರಣೆಗಲ್ಲ, ಯಾವುದೋ ಸಂಗ್ರಹಾಲಯದ ಪೆಟ್ಟಿಗೆಯಲ್ಲಿರುವ ಒಂದು ಒಣಗಿದ ಇರುವೆಗೆ. ನಮ್ಮ ಕಾಡಿನ ಹಲವು ಇರುವೆಗಳ ಆ ಮೂಲ ಮಾದರಿಗಳು ಯುರೋಪಿನಲ್ಲಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾರವಾರದ ಕಡೆ ಉಪ್ಪಿನ ಇಲಾಖೆಯಲ್ಲಿದ್ದ ಏಟ್ಕನ್, ಮುಂಬಯಿ ಪ್ರಾಂತದ ಅರಣ್ಯಾಧಿಕಾರಿ ರೌಟನ್ ಮೊದಲಾದವರು ಹಿಡಿದು ಕಳುಹಿಸಿದ ಇರುವೆಗಳನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಔಗುಸ್ಟ್ ಫೋರೆಲ್ ಹೆಸರಿಸಿದರು. ಅವರ ಸಂಗ್ರಹ ಇಂದು ಜಿನೀವಾದ ಸಂಗ್ರಹಾಲಯದಲ್ಲಿದೆ. ಅಂಥ ಹಳೆಯ ಚೀಟಿಗಳಲ್ಲಿ ಊರಿನ ಹೆಸರಿರಬೇಕಾದ ಕಡೆ ಬರೀ ಕೆನರಾ ಎಂದಿರುವುದುಂಟು. ಘಟ್ಟದ ಮೇಲೋ ಕೆಳಗೋ, ತೋಟದಲ್ಲೋ ಕಾಡಿನಲ್ಲೋ ಎಂದು ಕೇಳಲು ಈಗ ಯಾರೂ ಇಲ್ಲ. ಒಳ್ಳೆಯ ಸಂಗತಿಯೆಂದರೆ, ಕ್ಯಾಲಿಫೋರ್ನಿಯಾ ಅಕಾಡೆಮಿ ಆಫ್ ಸೈನ್ಸಸ್ ನಡೆಸುವ ಆಂಟ್‌ವೆಬ್ ತಾಣದಲ್ಲಿ ಇಂಥ ಬಹಳಷ್ಟು ಮಾದರಿಗಳ ತಲೆ, ಪಕ್ಕ, ಬೆನ್ನು ಮತ್ತು ಚೀಟಿಯ ಚಿತ್ರಗಳು ಸಿಗುತ್ತವೆ. ನನಗೆ ಬೇಕಿದ್ದ ಮೂಲ ಮಾದರಿಯ ಚಿತ್ರವೂ ಸಿಕ್ಕಿತು. ಪರದೆಯ ಒಂದು ಅರ್ಧದಲ್ಲಿ ಅದರ ತಲೆಯನ್ನೂ ಇನ್ನೊಂದು ಅರ್ಧದಲ್ಲಿ ನನ್ನ ಇರುವೆಯ ತಲೆಯನ್ನೂ ಒಂದೇ ಅಳತೆಗೆ ತಂದಿಟ್ಟು ಒಂದು ಸಂಜೆಯಿಡೀ ನೋಡಿದೆ. ಅಕ್ಕತಂಗಿಯರಷ್ಟು ಹೋಲಿಕೆ ಇತ್ತು, ದವಡೆಯ ವ್ಯತ್ಯಾಸವೂ ಇತ್ತು.

ಹೊಸ ಪ್ರಭೇದ ಎಂಬ ಮಾತು ನನ್ನ ಬಾಯಿಗೆ ಬಂದದ್ದು ಆಗ. ಮಾರ್ಗದರ್ಶಕರು ಬೇಡವೆನ್ನಲಿಲ್ಲ. ಮೂರು ಇರುವೆಗಳಿಂದ ಬೇಡ ಎಂದರು. ಮರುವರ್ಷ ಅದೇ ಕಾಡಿಗೆ, ಅದೇ ಚೌಕಗಳ ಅಕ್ಕಪಕ್ಕಕ್ಕೆ ಮತ್ತೆ ಹೋದೆವು. ಐದು ದಿನ ಮಂಡಿಯೂರಿ ಕಡ್ಡಿಗಳನ್ನು ಒಡೆಯುತ್ತ ಹೋದ ಮೇಲೆ, ಆರನೆಯ ದಿನ ಹೆಬ್ಬೆರಳಿನಷ್ಟು ದಪ್ಪದ ಒಂದು ಕೊಳೆತ ಕೊಂಬೆಯನ್ನು ಸೀಳಿದಾಗ ಗೂಡು ಸಿಕ್ಕಿತು: ಒಂದು ರಾಣಿ, 31 ಕೆಲಸಗಾರ್ತಿಯರು, ಅಕ್ಕಿಯ ನುಚ್ಚಿನಂಥ ಮರಿಗಳು. ಗಾಳಿ ತಾಗಿದೊಡನೆ ಅವು ಓಡಲಿಲ್ಲ, ಕಾಲು ಮುದುರಿ ಸತ್ತಂತೆ ಬಿದ್ದುಕೊಂಡವು. ಕಣ್ಣಿಗೆ ಬೀಳದಿರುವುದರ ಗುಟ್ಟು ಅದೇ. ಕೆಲವನ್ನು ಸುಣ್ಣಗಾರೆಯ ತಳವಿರುವ ಡಬ್ಬಿಯಲ್ಲಿ ಜೀವಂತವಾಗಿಟ್ಟು, ಅವುಗಳ ಬೇಟೆಯಾದ ಸ್ಪ್ರಿಂಗ್‌ಟೇಲ್ ಎಂಬ ಜಿಗಿಯುವ ಪುಟ್ಟ ಜೀವಿಗಳನ್ನು ಬಿಟ್ಟೆವು. ಒಂದು ಕೆಲಸಗಾರ್ತಿ ದವಡೆಗಳನ್ನು ಅಗಲಕ್ಕೆ ತೆರೆದುಕೊಂಡು, ಹೆಜ್ಜೆ ಎತ್ತಿಡುವುದೇ ಕಾಣದಷ್ಟು ನಿಧಾನವಾಗಿ ಮುಂದಕ್ಕೆ ಸರಿದು, ಬಾಯಿಯ ಬಳಿಯ ಎರಡು ಚುರುಕುಗೂದಲುಗಳು ಬೇಟೆಗೆ ತಾಗಿದ ಕ್ಷಣಕ್ಕೆ ದವಡೆ ಮುಚ್ಚಿತು. ಮುಚ್ಚಿದ್ದನ್ನು ನಾನು ನೋಡಲಿಲ್ಲ. ತೆರೆದದ್ದು ಕಂಡಿತ್ತು, ಆಮೇಲೆ ಮುಚ್ಚಿದ್ದು ಕಂಡಿತು, ನಡುವಿನದು ಕಣ್ಣಿಗೆ ದಕ್ಕುವಂಥದ್ದಲ್ಲ.

ಗೂಡಿನ ಇಪ್ಪತ್ತು ಕೆಲಸಗಾರ್ತಿಯರನ್ನು ಅಳೆದೆ. ದವಡೆ ಸೂಚ್ಯಂಕ 48ರಿಂದ 53ರವರೆಗೆ ಹರಡಿತು, ಮೇಲಿನ ತುದಿ ಆ ಹಳೆಯ ಪ್ರಭೇದದ ಕೆಳಮಿತಿಗೆ ಹತ್ತಿರ ಬಂದಿತು, ಆದರೆ ಮುಟ್ಟಲಿಲ್ಲ. ಮೂರರ ಬದಲು ಇಪ್ಪತ್ಮೂರು ಇರುವೆಗಳಾದವೆಂದು ಹಿಗ್ಗಿದ ನನಗೆ ಲೆಕ್ಕದ ಇನ್ನೊಂದು ಮುಖ ತಿಳಿಯಲು ಎರಡು ದಿನ ಬೇಕಾಯಿತು. ಆ ಇಪ್ಪತ್ತೂ ಒಂದೇ ಗೂಡಿನವು. ಒಂದು ಮನೆಯ ಇಪ್ಪತ್ತು ಮಂದಿಯ ಎತ್ತರ ಅಳೆದು ಊರಿನವರ ಎತ್ತರ ಇಷ್ಟೆಂದು ಹೇಳಿದಂತಾಗುತ್ತಿತ್ತು. ಆಗುಂಬೆಯಿಂದ ದಕ್ಷಿಣಕ್ಕೆ ಕೊಡಗು, ವಯನಾಡುಗಳ ಕಾಡಿನಲ್ಲಿ ಇದೇ ಇರುವೆಯ ದವಡೆ ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತ ಹೋಗಿ ಆ ಹಳೆಯ ಪ್ರಭೇದದಲ್ಲಿ ಲೀನವಾದರೆ, ನಾನು ಕೊಡುವ ಹೊಸ ಹೆಸರು ಹತ್ತು ವರ್ಷಗಳಲ್ಲಿ ಯಾರದೋ ಲೇಖನದ ಒಂದು ಸಾಲಿನಲ್ಲಿ ರದ್ದಾಗುತ್ತದೆ. ಹಾಗೆ ರದ್ದಾದ ಹೆಸರುಗಳಿಂದ ಇರುವೆಗಳ ಪಟ್ಟಿಗಳು ಈಗಾಗಲೇ ತುಂಬಿಹೋಗಿವೆ, ಮುಂದೆ ಗುರುತಿಸಲು ಬರುವವರು ಅವನ್ನೆಲ್ಲ ಓದಿ ಬದಿಗಿಡಬೇಕು. ಹೊಸ ಪ್ರಭೇದವೆಂದು ಘೋಷಿಸುವ ಆತುರ ನಮ್ಮಲ್ಲಿ ಹೆಚ್ಚಾಗಿದೆಯೆಂಬುದು ನನ್ನ ಅಭಿಪ್ರಾಯ. ಪತ್ರಿಕೆಗಳಿಗೂ ಅದೇ ಸುದ್ದಿ ಬೇಕು, ಇಪ್ಪತ್ಮೂರು ಇರುವೆಗಳನ್ನು ಅಳೆದು ಸುಮ್ಮನಿದ್ದದ್ದು ಸುದ್ದಿಯಾಗುವುದಿಲ್ಲ.

ಹೀಗಾಗಿ ಪ್ರಬಂಧದಲ್ಲಿ ಅದು ಹೆಸರಿಲ್ಲದೆ, ಬರಿಯ ಸಂಖ್ಯೆಯಿಂದ, ಸ್ಟ್ರುಮಿಜೆನಿಸ್ ಪ್ರಭೇದ 3 ಎಂದೇ ಹೋಯಿತು, ಜೊತೆಗೆ ಅಳತೆಗಳು, ಚಿತ್ರಗಳು ಮತ್ತು ಯಾವ ಪ್ರಭೇದಕ್ಕೆ ಹತ್ತಿರ, ಎಲ್ಲಿ ಭಿನ್ನ ಎಂಬ ಒಂದು ಪುಟದ ಟಿಪ್ಪಣಿ. ಎಂದಾದರೂ ಅದನ್ನು ಹೊಸ ಪ್ರಭೇದವೆಂದು ವಿವರಿಸುವುದಾದರೆ 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಮಾದರಿಗಳನ್ನು ಅಧಿಕೃತ ಭಂಡಾರದಲ್ಲಿ ಇರಿಸಬೇಕು. ಅದಕ್ಕೆಂದು ರಾಣಿಯನ್ನೂ ಹತ್ತು ಕೆಲಸಗಾರ್ತಿಯರನ್ನೂ ಅಂಟು ಸೋಕದಂತೆ ಪ್ರತ್ಯೇಕವಾಗಿ ತೆಗೆದಿರಿಸಿದ್ದೇನೆ. ಕೊಡಗಿನ ಎರಡು ಕಡೆ ಮಾದರಿ ತೆಗೆಯಲು ಅನುಮತಿ ಕೋರಿದ ಅರ್ಜಿ ಸದ್ಯಕ್ಕೆ ಒಂದು ಕಚೇರಿಯ ಮೇಜಿನ ಮೇಲಿದೆ. ಆಗುಂಬೆಯ ಅಜ್ಜಿಗೆ ಫೋನು ಮಾಡಿ ಇನ್ನೂ ಹೆಸರು ಸಿಕ್ಕಿಲ್ಲವೆಂದು ಹೇಳಿದಾಗ, ಎರಡು ವರ್ಷವಾಯಿತಲ್ಲ ಎಂದು ಮರುಗಿದರು.

ಮೊದಲ ಮಾದರಿ, ಭುಜಕ್ಕೆ ಅಂಟು ಹತ್ತಿದ್ದು, ಈಗಲೂ ಪೆಟ್ಟಿಗೆಯ ಎಡಮೂಲೆಯಲ್ಲಿದೆ. ಸೂಜಿಯ ಮೇಲೆ ಮೊದಲು ಇರುವೆ, ಅದರ ಕೆಳಗೆ ಸ್ಥಳ, ದಿನಾಂಕ, ಎತ್ತರ ಮತ್ತು ಹಿಡಿದವರ ಹೆಸರಿನ ಚೀಟಿ, ಅದರ ಕೆಳಗೆ ನಾನು ಮೊದಲು ಬರೆದ ತಪ್ಪು ಹೆಸರಿನ ಚೀಟಿ, ಎಲ್ಲಕ್ಕಿಂತ ಕೆಳಗೆ ಪ್ರಭೇದ 3 ಎಂಬ ಹೊಸ ಚೀಟಿ. ಹಳೆಯ ಗುರುತಿನ ಚೀಟಿಯನ್ನು ಸೂಜಿಯಿಂದ ತೆಗೆಯಬಾರದೆಂಬುದು ಸಂಗ್ರಹಾಲಯಗಳ ರೂಢಿ. ತೆಗೆದುಬಿಡಲೇ ಎಂದು ಒಮ್ಮೆ ಚಿಮಟ ಕೈಗೆತ್ತಿಕೊಂಡಿದ್ದೆ. ಅದು ಅಲ್ಲಿಯೇ ಇದೆ, ನನ್ನ ಅಕ್ಷರದಲ್ಲಿ, ಅಳಿಸಲಾಗದ ಶಾಯಿಯಲ್ಲಿ.